ಬಿಟ್ಟ ವಸ್ತುವಿನ ಋಣ

ಬೇಡವಾದ ವಸ್ತುವಿಗೆ ನಮ್ಮ ಭಾಷೆಯಲ್ಲಿ ಹೆಸರುಗಳು ಬಹಳ. ಉಂಡು ಉಳಿದದ್ದು ಎಂಜಲು. ಅಡಿಗೆಯ ಪಾತ್ರೆಗೆ ಅಂಟಿದ್ದು ಮುಸುರೆ. ಧಾನ್ಯವನ್ನು ಕೇರುವಾಗ ಹಾರಿಹೋದದ್ದು ಹೊಟ್ಟು. ಓದಿ ಮುಗಿದ ಕಾಗದ ರದ್ದಿ. ಮುರಿದ ಕಬ್ಬಿಣ, ತಗಡು, ಸೀಸೆ ಇವು ಗುಜರಿ. ದೇವರ ಮೇಲಿನಿಂದ ತೆಗೆದ ಹೂವು ನಿರ್ಮಾಲ್ಯ. ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ದಾರಿ ಇತ್ತು. ಮುಸುರೆ ತೊಳೆದ ನೀರು ಕಲಗಚ್ಚಾಗಿ ದನದ ಬಾನಿಗೆ ಹೋಗುತ್ತಿತ್ತು. ರದ್ದಿ ತಕ್ಕಡಿಗೆ ಹೋಗುತ್ತಿತ್ತು. ನಿರ್ಮಾಲ್ಯ ಕಾಲು ತಾಗದ ಕಡೆಗೆ, ಗಿಡದ ಬುಡಕ್ಕೆ ಹೋಗುತ್ತಿತ್ತು. ಹೆಸರಿಟ್ಟವರು, ವಸ್ತು ನಮ್ಮ ಕೈ ಬಿಟ್ಟ ಮೇಲೆ ಎಲ್ಲಿಗೆ ಸೇರಬೇಕೆಂಬುದನ್ನೂ ಆ ಹೆಸರಿನೊಳಗೇ ಗಂಟುಹಾಕಿ ಇಟ್ಟಿದ್ದರು.

ಈ ಪಟ್ಟಿಗೆ ಈಚೆಗೆ ಸೇರಿಕೊಂಡದ್ದು ಇ-ತ್ಯಾಜ್ಯ. ಕೆಟ್ಟ ಟೀವಿ, ಹಳೆಯ ಕಂಪ್ಯೂಟರು, ಮೊಬೈಲು, ಚಾರ್ಜರು, ಯುಪಿಎಸ್ಸು, ಗಂಟಲು ಕಟ್ಟಿದ ಮಿಕ್ಸಿ ಎಲ್ಲಕ್ಕೂ ಇದೊಂದೇ ಹೆಸರು. ಪದದ ತಲೆ ಇಂಗ್ಲಿಷು, ಮೈ ಸಂಸ್ಕೃತ. ಕಿವಿಗೆ ಮಾತ್ರ 'ಈ ತ್ಯಾಜ್ಯ' ಎಂದು ಎದುರಿಗಿರುವ ಏನನ್ನೋ ಬೆರಳುಮಾಡಿ ತೋರಿಸಿದಂತೆ ಕೇಳುತ್ತದೆ. ತೋರಿಸುವುದೇನೋ ಆಯಿತು, ದಾರಿ ಎಲ್ಲಿ? ಈ ಹೆಸರಿನೊಳಗೆ ಯಾವ ದಾರಿಯೂ ಇಲ್ಲ. ಬಹುಶಃ ಅದಕ್ಕೇ ಅವು ನಮ್ಮ ಅಟ್ಟದ ಮೇಲೂ ಮಂಚದ ಕೆಳಗೂ ವರ್ಷಗಟ್ಟಲೆ ಕುಳಿತಿರುತ್ತವೆ.

ತ್ಯಾಜ್ಯಕ್ಕೂ ತ್ಯಾಗಕ್ಕೂ ಧಾತು ಒಂದೇ. ಬಿಡಲು ಮನಸ್ಸಿಲ್ಲದ್ದನ್ನು ಬಿಟ್ಟರೆ ತ್ಯಾಗ. ಇಟ್ಟುಕೊಳ್ಳಲು ಮನಸ್ಸಿಲ್ಲದ್ದನ್ನು ಬಿಟ್ಟರೆ ತ್ಯಾಜ್ಯ. ಎರಡಕ್ಕೂ ನಡುವಿನ ದೂರ ಸಾಮಾನ್ಯವಾದದ್ದಲ್ಲ. ಆದರೆ ಆ ದೂರವನ್ನು ನಮ್ಮ ಮನಸ್ಸು ಎಷ್ಟು ಸಲೀಸಾಗಿ ದಾಟಿಬಿಡುತ್ತದೆ ಎಂಬುದನ್ನು ನೋಡಬೇಕಾದರೆ ಬೆಂಗಳೂರಿನ ಯಾವುದಾದರೊಂದು ಬಡಾವಣೆಯಲ್ಲಿ ಇ-ತ್ಯಾಜ್ಯ ಸಂಗ್ರಹದ ದಿನ ಹೋಗಿ ನಿಲ್ಲಬೇಕು.

ನಮ್ಮ ಬಡಾವಣೆಯಲ್ಲಿ ಅದು ಭಾನುವಾರ ಬೆಳಿಗ್ಗೆ ನಡೆಯುತ್ತದೆ. ಉದ್ಯಾನದ ಪಕ್ಕ ಶಾಮಿಯಾನ. ಒಂದು ಮೇಜು, ಒಂದು ರಿಜಿಸ್ಟರು, ಒಂದು ತಕ್ಕಡಿ. ಪರವಾನಗಿ ಪಡೆದ ಕಾರ್ಖಾನೆಯಿಂದ ಬಂದ ಲಾರಿ. ಸಂಘದ ನಾಲ್ಕಾರು ಹುಡುಗರು, ಕೈಗೆ ಹೊಸ ಗ್ಲೌಸು. ವಾಕಿಂಗ್ ಮುಗಿಸಿದವರು ಮನೆಗೆ ಹೋಗಿ ಸಾಮಾನು ಹೊತ್ತು ತರುತ್ತಾರೆ. ಕೊಟ್ಟದ್ದಕ್ಕೆ ಚೀಟಿ ಸಿಗುತ್ತದೆ. ಹಿಂದಿರುಗುವಾಗ ಅವರ ಮುಖದಲ್ಲಿ ಒಂದು ಪ್ರಸನ್ನತೆ ಇರುತ್ತದೆ. ಅನ್ನದಾನಕ್ಕೆ ಅಕ್ಕಿ ಕೊಟ್ಟು ಬಂದವರ ಮುಖದಲ್ಲಿ ಕಾಣುವಂಥದು. ಕಳೆದ ಸಲ ವಯಸ್ಸಾದ ತಾಯಿಯೊಬ್ಬರು ಮೊಮ್ಮಗನ ಕೈಯಲ್ಲಿ ದೊಡ್ಡ ಟೀವಿಯೊಂದನ್ನು ಹೊರಿಸಿಕೊಂಡು ಬಂದರು. ಅದನ್ನು ಕೆಳಗಿಳಿಸಿದ ಮೇಲೆ ಸೆರಗಿನಿಂದ ಒಮ್ಮೆ ಅದರ ಗಾಜನ್ನು ಒರೆಸಿ, "ಹೋಗಲಿ ಬಿಡಪ್ಪಾ, ಇದರ ಋಣ ತೀರಿತು" ಎಂದರು.

ಎಷ್ಟು ಒಳ್ಳೆಯ ಮಾತು! ಊರು ಬಿಡುವಾಗ, ಮನೆ ಮಾರುವಾಗ, ಕೆಲಸದಿಂದ ನಿವೃತ್ತರಾಗುವಾಗ ನಾವೆಲ್ಲ ಆಡುವ ಮಾತು. ಆ ತಾಯಿಯ ಬಾಯಲ್ಲಿ ಅದು ಕೃತಜ್ಞತೆಯ ಮಾತೇ ಆಗಿತ್ತು. ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಋಣ ನಿಜವಾಗಿ ತೀರಿತೆ? ಯಾರದು, ಯಾರಿಗೆ?

ಆ ಟೀವಿಯ ಜಾತಿಯನ್ನೇ ತೆಗೆದುಕೊಳ್ಳೋಣ. 1982ರಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡೆಗಳು ನಡೆದಾಗ ಬಣ್ಣದ ಟೀವಿ ನಮ್ಮ ದೇಶಕ್ಕೆ ಬಂದಿತು. 1987ರಲ್ಲಿ ರಾಮಾಯಣ ಧಾರಾವಾಹಿ ಆರಂಭವಾದಾಗ ಭಾನುವಾರದ ಬೆಳಿಗ್ಗೆ ಎಷ್ಟೋ ಮನೆಗಳಲ್ಲಿ ಟೀವಿಗೆ ಹೂವಿನ ಹಾರ ಹಾಕಿ ಆರತಿ ಎತ್ತುತ್ತಿದ್ದರು. ಆ ಹಾರ ಮರುದಿನ ನಿರ್ಮಾಲ್ಯವಾಗಿ ಗೌರವದಿಂದ ಗಿಡದ ಬುಡ ಸೇರಿತು. ಟೀವಿ ಮಾತ್ರ ಯಾವ ದಿಕ್ಕಿಗೆ ಹೋಯಿತೆಂದು ಯಾರೂ ಕೇಳಲಿಲ್ಲ. ಆ ಕಾಲದ ಟೀವಿಯ ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸ ಬೆರೆತಿರುತ್ತದೆ, ದೊಡ್ಡದಾದರೆ ಒಂದೆರಡು ಕಿಲೋ. ಏತಕ್ಕೆಂದರೆ, ಕೊಳವೆಯೊಳಗೆ ಹುಟ್ಟುವ ಎಕ್ಸ್-ಕಿರಣ ನೋಡುವವರಿಗೆ ತಾಗದಿರಲೆಂದು. ನಮ್ಮ ಮಕ್ಕಳು ಟೀವಿಯ ಮುಂದೆ ಚಾಪೆ ಹಾಸಿಕೊಂಡು ಕುಳಿತಿದ್ದಷ್ಟು ದಿನ ಆ ಸೀಸ ಅವರನ್ನು ಕಾಯಿತು. ಗಾಜು ಒಡೆದು ಮಣ್ಣಿಗೆ ಬಿದ್ದ ದಿನದಿಂದ ಅದೇ ಸೀಸ ಇನ್ನಾರದೋ ಮಕ್ಕಳ ರಕ್ತಕ್ಕೆ ದಾರಿ ಹುಡುಕುತ್ತದೆ. ಸೀಸ ಮಕ್ಕಳ ಮಿದುಳಿಗೆ ಮಾಡುವ ಕೇಡು ಮತ್ತೆ ಸರಿಹೋಗುವಂಥದಲ್ಲ. ರಕ್ಷಣೆ ನಮಗಾಯಿತು, ಅದರ ಬೆಲೆ ಬೇರೆಯವರ ಲೆಕ್ಕಕ್ಕೆ ಹೋಯಿತು. ಇದಕ್ಕೆ ಋಣ ತೀರುವುದು ಎನ್ನುವುದಕ್ಕಿಂತ ಋಣ ವರ್ಗಾಯಿಸುವುದು ಎಂದರೆ ಹೆಚ್ಚು ಸರಿಯಾದೀತು.

ನಚಿಕೇತನ ಕಥೆ ನಮ್ಮವರಿಗೆಲ್ಲ ಗೊತ್ತು. ಅವನ ತಂದೆ ಯಜ್ಞಮಾಡಿ ದಾನ ಕೊಡುತ್ತಿದ್ದ ಹಸುಗಳು ಹಾಲು ಬತ್ತಿ, ಹುಲ್ಲು ಮೇಯುವ ಶಕ್ತಿಯೂ ಹೋದಂಥವು. ಕಠೋಪನಿಷತ್ತಿನ ಇಡೀ ತತ್ತ್ವವಿಚಾರ ಹೊರಡುವುದು ಈ ಬೇಡವಾದ ಹಸುಗಳಿಂದ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಅದನ್ನು ಕಂಡು ಸಹಿಸಲಾರದೆ ಹುಡುಗ ಕೇಳಿದ್ದು, ತನ್ನನ್ನು ಯಾರಿಗೆ ಕೊಡುತ್ತೀ ಎಂದು. ಶಾಮಿಯಾನದ ಕೆಳಗೆ ಸಾಲಾಗಿ ಕುಳಿತ ಟೀವಿಗಳಿಗೂ ಕಂಪ್ಯೂಟರುಗಳಿಗೂ ಬಾಯಿ ಬಂದರೆ ಕೇಳಬಹುದಾದ ಪ್ರಶ್ನೆಯೂ ಅದೊಂದೇ. ಸಿಟ್ಟಿಗೆದ್ದ ತಂದೆ ಕೊಟ್ಟ ಉತ್ತರವನ್ನು ನಾನು ಇಲ್ಲಿ ಬರೆಯಬೇಕಾಗಿಲ್ಲ.

ಯಾರಿಗೆ ಎಂಬ ಪ್ರಶ್ನೆಗೆ ನಮ್ಮ ಬೀದಿಯಲ್ಲಿ ಇಷ್ಟು ಕಾಲ ಉತ್ತರವಾಗಿದ್ದವನು ಗುಜರಿಯವನು. ಹದಿನೈದು ವರ್ಷಗಳಿಂದ ನಾನು ಅವನನ್ನು ಬಲ್ಲೆ. ಮೊದಲು ಸೈಕಲ್ಲಿನಲ್ಲಿ ಬರುತ್ತಿದ್ದ, ಈಗ ತಳ್ಳುಗಾಡಿ. ಸಂಗ್ರಹದ ದಿನ ಅವನೂ ಬಂದು ಶಾಮಿಯಾನದ ಆಚೆ ಬದಿ, ಹೊಂಗೆಮರದ ನೆರಳಿನಲ್ಲಿ ಗಾಡಿ ನಿಲ್ಲಿಸಿಕೊಂಡು ನಿಂತಿದ್ದ. ದುಡ್ಡು ಕೊಟ್ಟು ಕೊಳ್ಳುವವನನ್ನು ಬಿಟ್ಟು, ಪುಕ್ಕಟೆ ಕೊಡಲು ಜನ ಸಾಲು ನಿಂತಿರುವುದು ಅವನಿಗೆ ವಿಚಿತ್ರವಾಗಿ ಕಂಡಿರಬೇಕು. ಮಾತಿಗೆ ಮಾತು ಬಂದು, ಸಂಘದವರು ಹೇಳುವುದು ನಿಜವೇನಪ್ಪಾ, ತಂತಿ ಸುಡುತ್ತೀರಂತೆ, ಆಸಿಡ್ ಹಾಕುತ್ತೀರಂತೆ ಎಂದು ಕೇಳಿದೆ.

"ನಾನ್ಯಾಕೆ ಸುಡ್ಲಿ ಸಾರ್? ನಾನು ತಗೊಂಡು ಅಂಗಡಿಗೆ ಹಾಕ್ತೀನಿ. ಅವ್ರು ಬಿಚ್ಚಿ ಬೇರೆಯವರ್ಗೆ ಕೊಡ್ತಾರೆ. ಸುಡೋನು ಬೇರೆ."

ಅವನ ಮಾತಿನಲ್ಲಿ ಸುಳ್ಳಿಲ್ಲ. ಸುಡುವವನು ಯಾವಾಗಲೂ ಬೇರೆಯೇ. ಕೊಂಡ ನಾನು ಸುಡುವುದಿಲ್ಲ, ಮಾಡಿ ಮಾರಿದ ಕಂಪನಿ ಸುಡುವುದಿಲ್ಲ, ಗಾಡಿಯವನು ಸುಡುವುದಿಲ್ಲ, ನಾಯಂಡಹಳ್ಳಿಯಲ್ಲೋ ಇನ್ನೆಲ್ಲೋ ಇರುವ ಅಂಗಡಿಯವನೂ ಸುಡುವುದಿಲ್ಲ. ಸರಪಳಿಯ ಒಂದೊಂದು ಕೊಂಡಿಯನ್ನೂ ಹಿಡಿದು ಕೇಳಿದರೆ ಒಬ್ಬೊಬ್ಬನ ಕೈಯೂ ಶುದ್ಧ. ಆದರೂ ಎಲ್ಲೋ ಒಂದು ಕಡೆ ಹೊಗೆ ಏಳುತ್ತಲೇ ಇದೆ.

ಕನ್ನಡದ ಸಹಜವಾದ ಮಾತಿನಲ್ಲಿ ಕರ್ಮಣಿ ಪ್ರಯೋಗ ವಿರಳವೆಂದು ತರಗತಿಯಲ್ಲಿ ನಾವು ಪಾಠ ಹೇಳುತ್ತೇವೆ. ನಮ್ಮ ಹಳ್ಳಿಯವನು 'ರಾಮನಿಂದ ಮರವು ಕಡಿಯಲ್ಪಟ್ಟಿತು' ಎನ್ನುವುದಿಲ್ಲ; 'ರಾಮ ಮರ ಕಡಿದ' ಎನ್ನುತ್ತಾನೆ. ಮಾಡಿದವನ ಹೆಸರು ಮೊದಲು. ಕಚೇರಿಯ ಕನ್ನಡ ಬಂದ ಮೇಲೆ ಈ ಕ್ರಮ ತಲೆಕೆಳಗಾಯಿತು. ಆ ದಿನ ಕೊಟ್ಟ ಚೀಟಿಯ ಮೇಲೆ 'ಸ್ವೀಕರಿಸಲಾದ ವಸ್ತುಗಳನ್ನು ನಿಯಮಾನುಸಾರ ವಿಲೇವಾರಿ ಮಾಡಲಾಗುವುದು' ಎಂದು ಅಚ್ಚಾಗಿತ್ತು. ಸ್ವೀಕರಿಸಿದವರು ಯಾರು, ವಿಲೇವಾರಿ ಮಾಡುವವರು ಯಾರು? ವಾಕ್ಯದಲ್ಲಿ ಕರ್ತೃಪದವೇ ಇಲ್ಲ. ವ್ಯಾಕರಣದಲ್ಲಿ ಕರ್ತೃವನ್ನು ಕೈಬಿಡುವುದು ದೋಷವಲ್ಲ, ಒಪ್ಪಿದೆ. ಆದರೆ ಇಡೀ ಒಂದು ನಾಗರಿಕತೆ ಕರ್ತೃವಿಲ್ಲದ ವಾಕ್ಯದಲ್ಲಿ ತನ್ನ ಕಸವನ್ನು ಕಟ್ಟಿಟ್ಟು ನಿದ್ರೆ ಮಾಡುತ್ತದೆಂದರೆ, ಅದು ವ್ಯಾಕರಣದ ಮಾತಾಗಿ ಉಳಿಯುವುದಿಲ್ಲ.

ಆ ಬೇರೆಯವನು ಮಾಡುವುದಾದರೂ ಏನು? ತಂತಿಯೊಳಗಿನ ತಾಮ್ರಕ್ಕಾಗಿ ಅದರ ಮೇಲಿನ ಪ್ಲಾಸ್ಟಿಕ್ಕನ್ನು ಬಯಲಿನಲ್ಲಿ ಸುಡುತ್ತಾನೆ. ಆ ಹೊಗೆಯಲ್ಲಿ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಸರ್ಕ್ಯೂಟ್ ಬೋರ್ಡನ್ನು ಒಲೆಯ ಮೇಲೆ ಕಾಯಿಸಿ, ಬೆಸುಗೆ ಕರಗಿದಾಗ ಚಿಪ್ಪುಗಳನ್ನು ಕಿತ್ತುಕೊಳ್ಳುತ್ತಾನೆ. ಬಂಗಾರದ ಲೇಪವಿರುವ ತುದಿಗಳನ್ನು ಆಮ್ಲದಲ್ಲಿ ಮುಳುಗಿಸುತ್ತಾನೆ. ಉಳಿದ ಆಮ್ಲ ಮೋರಿಗೆ. ದೆಹಲಿಯ ಸೀಲಂಪುರದಲ್ಲೂ ಉತ್ತರಪ್ರದೇಶದ ಮೊರಾದಾಬಾದಿನಲ್ಲೂ ಇಂಥ ಕೆಲಸ ಬೀದಿಬೀದಿಗಳಲ್ಲಿ ಬೆಳೆದದ್ದು ಪ್ರಸಿದ್ಧವಾಗಿದೆ. ಚೀನಾದ ಗ್ವಿಯು ಎಂಬ ಊರು ಬಹಳ ಕಾಲ ಲೋಕದ ಹಳೆಯ ಕಂಪ್ಯೂಟರುಗಳ ಸ್ಮಶಾನವಾಗಿತ್ತು. ಅಲ್ಲಿಯ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಾಗಿರುವುದನ್ನು 2007ರಲ್ಲಿ ಸಂಶೋಧಕರು ಅಳೆದು ಪ್ರಕಟಿಸಿದರು. ಸಿರಿವಂತ ದೇಶಗಳು ತಮ್ಮ ಅಪಾಯದ ಕಸವನ್ನು ಬಡ ದೇಶಗಳ ಮೇಲೆ ಸುರಿಯದಂತೆ ತಡೆಯಲು 1989ರಲ್ಲಿ ಬಾಸೆಲ್ ಒಪ್ಪಂದವಾಯಿತು. ದೇಶ ದೇಶಗಳ ನಡುವೆ ಹೀಗೊಂದು ಒಪ್ಪಂದವಾದರೂ ಇದೆ. ಬಡಾವಣೆಗೂ ಕೊಳೆಗೇರಿಗೂ ನಡುವೆ ಯಾವ ಬಾಸೆಲ್ಲೂ ಇಲ್ಲ.

ಬಂಗಾರದ ಮಾತು ಬಂದಿತು. ಹಳಗನ್ನಡದಲ್ಲಿ ಬಂಗಾರಕ್ಕೆ 'ಕಸವರ' ಎಂಬ ಹೆಸರಿದೆ. ಕವಿರಾಜಮಾರ್ಗ ಓದಿದವರಿಗೆ ಪರಿಚಿತವಾದ ಪದ. ಕಸಕ್ಕೂ ಕಸವರಕ್ಕೂ ನಂಟು ಕಟ್ಟುವುದು ಪದದ ಚರಿತ್ರೆಯಲ್ಲಿ ನಿಲ್ಲುವ ಮಾತಲ್ಲ, ಬರಿಯ ತುಂಟತನ. ಆದರೂ ಹಳೆಯ ಮೊಬೈಲುಗಳ ರಾಶಿಯನ್ನು ನೋಡಿದಾಗ ಆ ತುಂಟತನ ಮಾಡದಿರುವುದು ಕಷ್ಟ. ಗಣಿಯ ಒಂದು ಟನ್ ಅದಿರಿನಲ್ಲಿ ಸಿಗುವ ಬಂಗಾರ ಕೆಲವೇ ಗ್ರಾಂ. ಒಂದು ಟನ್ ಮೊಬೈಲುಗಳಲ್ಲಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನ ಸುಮಾರು 5,000 ಪದಕಗಳನ್ನು ಜಪಾನೀಯರು ಇಂಥ ಹಳೆಯ ಸಾಮಾನಿನಿಂದಲೇ ಮಾಡಿದರು. ಜನ ಕೊಟ್ಟ 62 ಲಕ್ಷ ಮೊಬೈಲುಗಳೂ ಸೇರಿ 79,000 ಟನ್ನಿನಷ್ಟು ಸಾಮಾನು. ಅದರಿಂದ ಬಂದ ಬಂಗಾರ ಸುಮಾರು 32 ಕಿಲೋ. ಪದಕ ಕೊರಳಿಗೆ ಬಿದ್ದವರಿಗೆ, ತಮ್ಮ ಎದೆಯ ಮೇಲೆ ಯಾರದೋ ಮನೆಯ ಹಳೆಯ ದೂರವಾಣಿ ತೂಗುತ್ತಿದೆಯೆಂಬುದು ಗೊತ್ತಿದ್ದಿತು. ಗೊತ್ತಿದ್ದೂ ಅದು ಹಗುರವಾಗಲಿಲ್ಲ.

ಇಲ್ಲಿ ನಮಗೆ ಕೋಲಾರದ ನೆನಪಾಗಬೇಕು. ನೂರಕ್ಕೂ ಹೆಚ್ಚು ವರ್ಷ ಅಗೆದ ಮೇಲೆ, ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಮೇಲೆ, 2001ರಲ್ಲಿ ಆ ಗಣಿಗಳು ಮುಚ್ಚಿದವು. ಬಂಗಾರ ಎಲ್ಲೆಲ್ಲಿಗೋ ಹೋಯಿತು. ಅದಿರನ್ನು ಅರೆದು ಸೈನೈಡಿನಲ್ಲಿ ತೊಳೆದು ಬಿಟ್ಟ ಮಣ್ಣು ಗುಡ್ಡಗುಡ್ಡವಾಗಿ ಊರಿನಲ್ಲೇ ಉಳಿಯಿತು. ಇಂದಿಗೂ ಗಾಳಿ ಎದ್ದರೆ ಅದರ ಧೂಳು ಮನೆಗಳ ಮೇಲೆ ಬೀಳುತ್ತದೆ. ಅಗೆದವರ ಮಕ್ಕಳು ಕೆಲಸಕ್ಕಾಗಿ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ಬರುತ್ತಾರೆ. ಬಂಗಾರವನ್ನು ಮಣ್ಣಿನಿಂದ ತೆಗೆದರೂ ಮೊಬೈಲಿನಿಂದ ತೆಗೆದರೂ ಲೆಕ್ಕ ಒಂದೇ ರೀತಿ ಹಂಚಿಹೋಗಿದೆ. ಕಸವರ ಒಬ್ಬರಿಗೆ, ಕಸ ಇನ್ನೊಬ್ಬರಿಗೆ.

ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಅಧ್ಯಾಪಕರೊಬ್ಬರ ಮುಂದೆ ಇದನ್ನೆಲ್ಲ ಹೇಳಿದೆ. ಅವರು ನಗುತ್ತಾ, "ಅಲ್ಲಾ ಸ್ವಾಮಿ, ನೀವು ಗುಜರಿಯವನಿಗೆ ಕೊಡದಿದ್ದರೆ ಅವನ ಊಟ ಹೋಗುತ್ತದೆ, ಕೊಟ್ಟರೆ ಇನ್ನೊಬ್ಬನ ಶ್ವಾಸಕೋಶ ಹೋಗುತ್ತದೆ. ಯಾವುದು ವಾಸಿ?" ಎಂದರು. ಅವರ ಅಭಿಪ್ರಾಯದಲ್ಲಿ ಇದಕ್ಕೆ ನೀತಿಯಿಂದ ಉತ್ತರವಿಲ್ಲ. ಬೆಲೆಯಿಂದ ಮಾತ್ರ ಉತ್ತರ. ಸುರಕ್ಷಿತವಾಗಿ ಬಿಚ್ಚುವ ಖರ್ಚು ವಸ್ತುವಿನ ಬೆಲೆಯಲ್ಲೇ ಸೇರಬೇಕು, ಅಷ್ಟೆ. ಆ ಮಾತನ್ನು ತಳ್ಳಿಹಾಕುವಂತಿಲ್ಲ. ನಮ್ಮ ಕಾನೂನೂ ಅದೇ ಜಾಡಿನಲ್ಲಿ ನಡೆದಿದೆ. 2012ರಿಂದ ಜಾರಿಗೆ ಬಂದ ನಿಯಮಗಳು ವಸ್ತುವಿನ ಕೊನೆಗಾಲದ ಹೊಣೆಯನ್ನು ತಯಾರಕನ ಮೇಲೆ ಹೊರಿಸಿದವು. 2023ರ ಏಪ್ರಿಲಿನಿಂದ ನಡೆಯುತ್ತಿರುವ ಹೊಸ ನಿಯಮಗಳು, ನೋಂದಾಯಿತ ಕಾರ್ಖಾನೆಯಿಂದ ಪ್ರಮಾಣಪತ್ರ ಕೊಂಡು ಆ ಹೊಣೆಯನ್ನು ತೀರಿಸುವ ಏರ್ಪಾಟು ಮಾಡಿವೆ. ಬೆಂಗಳೂರಿನ ಹೊರಗೆ ದಾಬಸ್‌ಪೇಟೆಯಲ್ಲಿ 2005ರಷ್ಟು ಹಿಂದೆಯೇ ಇ-ಪರಿಸರ ಎಂಬ ಕಾರ್ಖಾನೆ ಕೆಲಸ ತೊಡಗಿತು. ದೇಶದಲ್ಲಿ ಸರ್ಕಾರದ ಒಪ್ಪಿಗೆ ಪಡೆದು ಹೊರಟ ಮೊದಲಿನವುಗಳಲ್ಲಿ ಅದೊಂದು. ಅಂಥ ಕಡೆ ಕೆಲಸ ಸ್ಕ್ರೂಡ್ರೈವರಿನಿಂದಲೇ ಆರಂಭವಾಗುತ್ತದೆ: ಕೈಯಿಂದ ಬಿಚ್ಚಿ, ಅಪಾಯದ್ದನ್ನು ಬೇರ್ಪಡಿಸಿ, ಉಳಿದದ್ದನ್ನು ಪುಡಿಮಾಡಿ, ಅಯಸ್ಕಾಂತದಿಂದ ಕಬ್ಬಿಣವನ್ನು ತೆಗೆಯುತ್ತಾರೆ. ಹೊಗೆ ಹೊರಗೆ ಬಿಡುವಂತಿಲ್ಲ. ಹೀಗಾಗಿ ನನ್ನ ಮನೆಯ ಟೀವಿ ಎಲ್ಲಿಗೆ ಹೋಗಬೇಕೆಂದರೆ ಲಾರಿಗೇ ಹೋಗಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ಲೋಕದಲ್ಲಿ 2022ನೆಯ ವರ್ಷವೊಂದರಲ್ಲೇ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಸರಿಯಾದ ದಾರಿ ಹಿಡಿದದ್ದಕ್ಕೆ ದಾಖಲೆಯಿರುವುದು ಕಾಲು ಭಾಗಕ್ಕಿಂತ ಕಡಿಮೆ. ಲಾರಿಗಳು ಇನ್ನೂ ಹೆಚ್ಚಬೇಕು.

ಆದರೆ ಅಧ್ಯಾಪಕ ಮಿತ್ರರ ಲೆಕ್ಕದಲ್ಲಿ ಬಿಟ್ಟುಹೋದದ್ದೊಂದಿದೆ. ಊಟ ಇಲ್ಲವೆ ಶ್ವಾಸಕೋಶ ಎಂದು ಅವರು ಹಾಕಿದ ಗಂಟನ್ನು ಬಡವನಾದ ಆ ಮನುಷ್ಯ ಹಾಕಿಕೊಂಡದ್ದಲ್ಲ. ನಾವು ಹಾಕಿ ಅವನ ಮುಂದಿಟ್ಟದ್ದು. ಅವನಿಗೆ ಎರಡೂ ಸಿಗುವ ಮೂರನೆಯ ದಾರಿ ಅಸಾಧ್ಯವಲ್ಲ. ನಮ್ಮ ಊರಿನಲ್ಲೇ ಹಸಿರು ದಳ ಎಂಬ ಸಂಸ್ಥೆ ಚಿಂದಿ ಆಯುವವರನ್ನು ಒಟ್ಟುಗೂಡಿಸಿ, ಅವರಿಗೆ ಗುರುತಿನ ಚೀಟಿ ಕೊಡಿಸಿ, ಒಣ ಕಸದ ಕೇಂದ್ರಗಳನ್ನು ಅವರೇ ನಡೆಸುವಂತೆ ಮಾಡಿತು. ನಿನ್ನೆಯವರೆಗೆ ತೊಟ್ಟಿಯ ಬಳಿ ನಾಯಿಗಳೊಡನೆ ಬೈಸಿಕೊಳ್ಳುತ್ತಿದ್ದವರು ಇಂದು ಲೆಕ್ಕ ಬರೆದು ಸಂಬಳ ಕೊಡುತ್ತಾರೆ. ಹೊಸ ಇ-ತ್ಯಾಜ್ಯ ನಿಯಮಗಳೂ ಈ ಕೆಲಸದ ಕಾರ್ಮಿಕರನ್ನು ಗುರುತಿಸಿ, ನೋಂದಾಯಿಸಿ, ತರಬೇತಿ ಕೊಡುವುದನ್ನು ರಾಜ್ಯಗಳಿಗೆ ವಹಿಸಿವೆ. ಸಾದರ ಪತ್ರಪ್ಪ ರಸ್ತೆಯ ಇಕ್ಕಟ್ಟಿನ ಅಂಗಡಿಗಳಲ್ಲಿ, ಕಂಪನಿಯವರು ಸತ್ತಿತೆಂದು ಕೈಚೆಲ್ಲಿದ ಬೋರ್ಡುಗಳಿಗೆ ಜೀವ ತುಂಬುವ ಹುಡುಗರನ್ನು ನೋಡಿದವರು, ವಿದ್ಯೆ ಪರವಾನಗಿಯ ಕಾಗದದಲ್ಲಿ ಮಾತ್ರ ಇರುತ್ತದೆಂದು ಹೇಳಲಾರರು. ಗಾಡಿಯವನನ್ನು ಅಪರಾಧಿಯ ಜಾಗದಲ್ಲಿ ನಿಲ್ಲಿಸಿ, ಲಾರಿಗೆ ಸಾಮಾನು ಹಾಕಿ, ಚೀಟಿ ಮಡಿಸಿ ಜೇಬಿಗಿಟ್ಟುಕೊಂಡರೆ ಪರಿಸರ ಶುದ್ಧವಾಗಬಹುದು, ಲೆಕ್ಕ ಶುದ್ಧವಾಗುವುದಿಲ್ಲ.

ಇದು ಬರಿಯ ಊಹೆಯ ಮಾತಲ್ಲ. ಆ ಭಾನುವಾರ ಹನ್ನೆರಡು ಗಂಟೆಯ ಹೊತ್ತಿಗೆ ಸಾಮಾನು ಲಾರಿಗೆ ಏರಬೇಕಾಯಿತು. ಸಂಘದ ಹುಡುಗರು ಹಳೆಯ ಟೀವಿಗಳನ್ನು ಒಂದರ ಹಿಂದೊಂದು ಸಾಲಾಗಿ ಇಡತೊಡಗಿದರು. ಮರದ ಕೆಳಗಿದ್ದವನು ತಡೆಯಲಾರದೆ ಎದ್ದು ಬಂದ. "ಹಂಗಿಡಬೇಡ್ರಣ್ಣಾ, ಹಿಂದುಗಡೆ ಕುತ್ತಿಗೆ ಮುರಿದ್ರೆ ಟ್ಯೂಬು ಸಿಡೀತದೆ. ಮುಖಕ್ಕೆ ಮುಖ ಕೊಡಿ" ಎಂದು, ಯಾರೂ ಕರೆಯದೆ ಲಾರಿ ಹತ್ತಿ, ಎಲ್ಲವನ್ನೂ ಎರಡೆರಡಾಗಿ ಎದುರುಬದುರು ನಿಲ್ಲಿಸಿ, ನಡುವೆ ಹಳೆಯ ರಟ್ಟು ತುರುಕಿ, ಹಗ್ಗ ಬಿಗಿದ. ಆ ತಾಯಿ ಸೆರಗಿನಿಂದ ಒರೆಸಿದ ಟೀವಿಯೂ ಅದರಲ್ಲಿತ್ತು. ಅರ್ಧ ಗಂಟೆಯ ಕೆಲಸ. ಕೈಗೆ ಗ್ಲೌಸಿರಲಿಲ್ಲ.

ಸಂಘದ ಕಾರ್ಯದರ್ಶಿಗಳು ಸಂತೋಷಪಟ್ಟು, "ಮುಂದಿನ ಸಲವೂ ಬಾಪ್ಪಾ, ನಿನ್ನಂಥವರು ಬೇಕು" ಎಂದರು.

"ಬರ್ತೀನಿ ಸ್ವಾಮಿ. ಕೂಲಿ ಎಷ್ಟು ಕೊಡ್ತೀರಿ?"

ಕಾರ್ಯದರ್ಶಿಗಳು ಹುಡುಗರ ಮುಖ ನೋಡಿದರು; ಹುಡುಗರು ರಿಜಿಸ್ಟರಿನ ಮುಖ ನೋಡಿದರು. ಇದೆಲ್ಲ ಸೇವೆ, ಇಲ್ಲಿ ಯಾರಿಗೂ ಹಣವಿಲ್ಲ ಎಂದು ಅವರಲ್ಲೊಬ್ಬ ವಿನಯವಾಗಿಯೇ ತಿಳಿಸಿದ. ಗಾಡಿಯವನು ಹೆಗಲ ಮೇಲಿನ ಟವೆಲಿನಿಂದ ಕೈ ಒರೆಸಿಕೊಂಡು, ಬೇಸರವೇನೂ ಇಲ್ಲದವನಂತೆ ನಕ್ಕು, ಖಾಲಿ ಗಾಡಿಯನ್ನು ತಳ್ಳಿಕೊಂಡು ನಾಲ್ಕನೆಯ ಅಡ್ಡರಸ್ತೆಯ ಕಡೆ ಹೊರಟ.